ಫರ್ನೆಸ್ ಮಾವ ತಡೆದ ಮಂಗಳ

ಗಾಜಿನ ಕಪಾಟಿನೊಳಗೆ ಅದು ಇತ್ತು. ಅಂಗೈಯಗಲದ ಮರದ ಚೌಕಟ್ಟು, ಕೆಳಗೊಂದು ಪುಟ್ಟ ಹಿಡಿ, ನಡುವೆ ಕಡುನೀಲಿ ಗಾಜು. ಯುರೋಪಿನ ಹಳೆಯ ಉಕ್ಕಿನ ಊರೊಂದಕ್ಕೆ ನಮ್ಮ ಯಕ್ಷಗಾನ ತಂಡವನ್ನು ಆಟಕ್ಕೆ ಕರೆಸಿದ್ದರು. ಬೆಂಕಿ ಆರಿ ಎಷ್ಟೋ ವರ್ಷವಾದ ಅಲ್ಲಿನ ಕಾರ್ಖಾನೆ ಈಗ ಹಾಡು, ಕುಣಿತ, ಚಿತ್ರಗಳ ಜಾಗ. ಬೆಳಿಗ್ಗೆ ಅದನ್ನು ನೋಡುತ್ತಾ ಹೊರಟ ನಾನು ಆ ಕಪಾಟಿನ ಮುಂದೆ ನಿಂತುಬಿಟ್ಟೆ. ಮುಂದೆ ಹೋಗಿದ್ದ ಮದ್ದಳೆಯವರು ವಾಪಸು ಬಂದು, “ಭಾಗವತ್ರೇ, ಎಂತ ಆಯ್ತು?” ಅಂದರು. ಏನಿಲ್ಲ ಅಂದೆ. ಮೂಗಿಗೆ ಮಾತ್ರ ಸಾಗರದ ಒಂದು ಬಚ್ಚಲೊಲೆಯ ಹೊಗೆ ಬಡಿದಂತಾಗಿತ್ತು...

ಅಂಥದೇ ಗಾಜು ಫರ್ನೆಸ್ ಮಾವನ ಹತ್ತಿರ ಇತ್ತು. ನಾನು ಹೊಸನಗರದ ಕಡೆಯವನು. ಪದ ಹೇಳುವುದನ್ನು ಕಲಿಯಲು ಸಾಗರಕ್ಕೆ ಬಂದು, ಅವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಅವರು ತೀರ್ಥಹಳ್ಳಿಯವರು. ಹರೆಯದಲ್ಲೇ ಬಯಲುಸೀಮೆಯ ಒಂದು ಉಕ್ಕಿನ ಕಾರ್ಖಾನೆಗೆ ಸೇರಿ, ಫರ್ನೆಸ್ ಅಂದರೆ ಕುಲುಮೆಯ ಮುಂದೆ ಆಯುಷ್ಯ ಸವೆಸಿ, ಕೆಲಸ ನಿಂತ ಮೇಲೆ ಹೆಂಡತಿಯ ಊರಾದ ಸಾಗರಕ್ಕೆ ಬಂದು ಕೂತಿದ್ದರು. ಕಾರ್ಖಾನೆಯ ಸದ್ದಿಗೆ ಕಿವಿ ಮಂದವಾಗಿತ್ತು. ಹಾಗಾಗಿ ಮಾತೆಲ್ಲ ಕೂಗಿಯೇ. ಅವರ ಮನೆಯ ಹುಳಿಗೆ ಉಪ್ಪು ಹೆಚ್ಚಾದರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು.

ಕುಲುಮೆಯೊಳಗಿನ ಬೆಂಕಿಯನ್ನು ಬರಿಗಣ್ಣಲ್ಲಿ ನೋಡಲಾಗುವುದಿಲ್ಲವಂತೆ, ಅದಕ್ಕೇ ಆ ನೀಲಿ ಗಾಜು. ಅದರಲ್ಲಿ ಬೆಂಕಿಯ ಬಣ್ಣ ನೋಡಿ ಕಾವು ಎಷ್ಟೆಂದು ತಿಳಿಯುವುದು. ಮಾವ ಅದನ್ನು ಬಚ್ಚಲೊಲೆಯ ಪಕ್ಕದ ಗೋಡೆಯ ಮಾಡದಲ್ಲಿ ಇಟ್ಟಿದ್ದರು. ನಾನು ಟವಲು ಸುತ್ತಿಕೊಂಡು ಚಳಿಯಲ್ಲಿ ನಡುಗುತ್ತಿದ್ದರೆ, ಅವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜು ಕಣ್ಣಿಗೆ ಹಿಡಿದು, “ಇನ್ನೂ ಕೆಂಪು ಮಾರಾಯ! ತಡಿ, ಹಳದಿಗೆ ಬರ್ಲಿ” ಎಂದು ಕೂಗುತ್ತಿದ್ದರು.

“ಅವ ಸ್ನಾನ ಮಾಡೋದು ನೀರಲ್ಲಿ, ಕಾದ ಕಬ್ಬಿಣದಲ್ಲಲ್ಲ! ಬಿಡಿ ಅವನ್ನ” ಎಂದು ಅತ್ತೆ ಅಡುಗೆಮನೆಯಿಂದಲೇ ಗದರುತ್ತಿದ್ದರು. ಮಾವನಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ, ಅಂತೂ ಕದಲುತ್ತಿರಲಿಲ್ಲ.

ನಾನು ಭಾಗವತಿಕೆ ಕಲಿಯುವವ ಎಂಬ ಒಂದೇ ಕಾರಣಕ್ಕೆ ಮಾವ ನನಗೆ ಕೋಣೆ ಕೊಟ್ಟದ್ದು. ಆ ಕಾರ್ಖಾನೆಯಲ್ಲಿ ಮಲೆನಾಡಿನಿಂದ ಹೋದವರದೇ ಒಂದು ಗುಂಪಿತ್ತು. ಆಯುಧಪೂಜೆಯ ದಿನ ಮಾತ್ರ ಹೆಂಡತಿ ಮಕ್ಕಳನ್ನು ಗೇಟಿನೊಳಗೆ ಬಿಡುತ್ತಿದ್ದರು. ಯಂತ್ರಗಳಿಗೆಲ್ಲ ಚೆಂಡುಹೂವು, ಬೂದುಗುಂಬಳ ಒಡೆಯುವುದು, ಕಡಲೆಪುರಿ ಹಂಚುವುದು. ಆಮೇಲೆ ಫರ್ನೆಸ್ ಎದುರಿಗೇ ಹಗಲು ಆಟ. ಕುಣಿಯುವವರು, ಬಡಿಯುವವರು, ಹಾಡುವವರು ಎಲ್ಲ ಅಲ್ಲಿಯ ಕೆಲಸಗಾರರೇ. ರಾಜವೇಷ ಮಾವನದು.

ಒಂದು ವರ್ಷ ಆಯುಧಪೂಜೆಗೆ ಮೊದಲೇ ಫರ್ನೆಸ್ ಆರಿಸಿದ್ದರು. ಮತ್ತೆ ಹಚ್ಚುತ್ತಾರೆ ಅಂತ ಕೆಲವರು, ಇಲ್ಲ ಅಂತ ಕೆಲವರು. ಆದರೂ ಆಟ ಆಡಿದರು. ಕೊನೆಗೆ ಭಾಗವತರು, ಅವರು ಅಲ್ಲಿ ಕ್ರೇನ್ ಓಡಿಸುತ್ತಿದ್ದವರು, ಮಂಗಳ ಹಾಡಲು ತಾಳ ಎತ್ತಿದರು. ಮಾವ ಕಿರೀಟ ತೊಟ್ಟವರು ಹಾಗೇ ಹೋಗಿ ಅವರ ಕೈ ಹಿಡಿದುಕೊಂಡರಂತೆ.

“ಬ್ಯಾಡ. ಬೆಂಕಿ ಹಚ್ಚಿದ ದಿನ ಹಾಡು.”

ನಮ್ಮಲ್ಲಿ ಮಂಗಳ ಹಾಡದೆ ಆಟ ಮುಗಿಯುವುದಿಲ್ಲ. ಮಳೆ ಬಂದು ಜನ ಎದ್ದು ಓಡಿದರೂ ಭಾಗವತ ಒಬ್ಬನೇ ನಿಂತು ಒಂದು ಸಾಲಾದರೂ ಹೇಳಿಯೇ ತಾಳ ಕೆಳಗಿಡುತ್ತಾನೆ. ಮಾವನ ಲೆಕ್ಕಾಚಾರ ಇಷ್ಟೇ: ಮಂಗಳ ಆಗದಿದ್ದರೆ ಆಟ ಮುಗಿದಿಲ್ಲ, ಆಟ ಮುಗಿಯದಿದ್ದರೆ ಕಾರ್ಖಾನೆಯೂ ಮುಗಿದಿಲ್ಲ. ಅಯ್ಯೋ ದೇವರೇ ಅನ್ನಿಸುತ್ತದೆ ಈಗ. ಆದರೆ ಆ ದಿನ ಅಲ್ಲಿದ್ದ ಯಾರೂ ಅವರಿಗೆ ಎದುರಾಡಲಿಲ್ಲವಂತೆ. ಎಲ್ಲರಿಗೂ ಅದೇ ಆಸೆ ಇತ್ತಲ್ಲ.

ಬೆಂಕಿ ಹಚ್ಚಲೇ ಇಲ್ಲ. “ಶುರು ಆಗ್ತದಂತೆ” ಎಂಬ ಸುದ್ದಿ ಮಾತ್ರ ಆಗಾಗ ಬರುತ್ತಿತ್ತು. ಬಂದಾಗೆಲ್ಲ ಮಾವ ಹಳೆಯ ಬೂಟುಗಳನ್ನು ಅಂಗಳದ ಬಿಸಿಲಿಗಿಟ್ಟು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಆ ವಯಸ್ಸಲ್ಲಿ ಯಾರು ಕೆಲಸಕ್ಕೆ ಕರೆಯುತ್ತಾರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅತ್ತೆಗೂ ಇರಲಿಲ್ಲ. ಒಮ್ಮೆ ಜೊತೆಯಲ್ಲಿ ಕೆಲಸ ಮಾಡಿದವರೊಬ್ಬರು ಮನೆಗೆ ಬಂದು, ಕಾಫಿ ಕುಡಿಯುತ್ತಾ, “ನೀ ಮಂಗಳ ತಡ್ದಿದ್ದಕ್ಕೇ ಬಾಗ್ಲು ಬಿತ್ತು ನೋಡು” ಎಂದು ತಮಾಷೆ ಮಾಡಿದರು. ಮಾವನೂ ಗಟ್ಟಿಯಾಗಿ ನಕ್ಕರು. ಆದರೆ ಆ ದಿನ ಊಟಕ್ಕೆ ಏಳಲಿಲ್ಲ.

ಆ ಮಾತು ಅವರನ್ನು ಒಳಗೊಳಗೇ ತಿಂದಿತು. ಹಾಡಿಸಿದರೆ ಮುಗಿಯಿತು ಎಂದು ಒಪ್ಪಿಕೊಂಡಂತೆ. ಹಾಡಿಸದಿದ್ದರೆ ಅಪಶಕುನ ತಮ್ಮದೇ ತಲೆಯ ಮೇಲೆ. ಅವರು ಹಾಸಿಗೆ ಹಿಡಿದಾಗ ನಾನು ತಾಳ ತೆಗೆದುಕೊಂಡೇ ಹೋಗಿ, “ಮಾವ, ನಾ ಹೇಳ್ಲಾ ಮಂಗಳ? ಇಲ್ಲೇ, ಸಣ್ಣ ದನೀಲಿ” ಎಂದು ಕಿವಿಯ ಹತ್ತಿರ ಕೇಳಿದೆ. ಅಡ್ಡಡ್ಡ ತಲೆಯಾಡಿಸಿದರು. ಜನ್ಮದಲ್ಲಿ ಮೊದಲ ಸಲ ಮಾವ ಮೆಲ್ಲಗೆ ಮಾತಾಡಿದ್ದು ಆಗ. “ಬ್ಯಾಡ ಮಾರಾಯ... ನೀ ಹಾಡಿದ್ರೆ ನಂಗೆ ಕೇಳ್ತದೆ.”

ಆ ಮಳೆಗಾಲವನ್ನು ಅವರು ದಾಟಲಿಲ್ಲ.

ಆ ಪರದೇಶದ ಫರ್ನೆಸ್ ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಅದಕ್ಕೆ ಬಣ್ಣಬಣ್ಣದ ದೀಪ ಬಿಟ್ಟಿದ್ದಾರೆ, ಬುಡದಲ್ಲಿ ಕಾಫಿ ಅಂಗಡಿ, ಮೇಲೆ ಹತ್ತಿ ಫೋಟೋ ತೆಗೆದುಕೊಳ್ಳುವವರ ಸಾಲು. ಮಾವ ಕಂಡಿದ್ದರೆ ಇಡೀ ಊರಿಗೆ ಕೇಳುವ ಹಾಗೆ ಬೈಯುತ್ತಿದ್ದರು. ನಮಗೆ ಜಾಗ ತೋರಿಸುತ್ತಿದ್ದ ಮುದುಕರೊಬ್ಬರು ಹಿಂದೆ ಅಲ್ಲಿಯೇ ಕುಲುಮೆ ಕೆಲಸ ಮಾಡಿದವರಂತೆ. ಅವರ ಮಾತು ನಮಗೆ, ನಮ್ಮದು ಅವರಿಗೆ ತಿಳಿಸಿ ಹೇಳಲು ಬಂದಿದ್ದ ಹುಡುಗಿಯ ಕೈಯಲ್ಲಿ, ಇದು ಮತ್ತೆ ಶುರುವಾಗುತ್ತದೆ ಅಂತ ನೀವೂ ಕಾದಿರಾ ಎಂದು ಕೇಳಿಸಿದೆ. ಬಹಳ ಕಾಲ ಕಾದೆವು ಅಂದರಂತೆ. ಆಮೇಲೊಂದು ದಿನ ಎಲ್ಲರೂ ಮನೆಮಂದಿಯನ್ನು ಕರೆದುಕೊಂಡು ಬಂದು, ತಣ್ಣಗಾದ ಕಬ್ಬಿಣದ ಮೇಲೆ ಒಬ್ಬೊಬ್ಬರಾಗಿ ಕೈ ಇಟ್ಟು, ಅತ್ತು, ಒಟ್ಟಿಗೆ ಕೂತು ಉಂಡು ಹೋದರಂತೆ. ಮುಂದೇನು ಮಾಡುವುದು ಅನ್ನುವ ಯೋಚನೆ ಬಂದದ್ದೇ ಅದಾದ ಮೇಲೆ ಅಂದರು.

ಅವರದೂ ಒಂದು ಮಂಗಳವೇ ಅಲ್ಲವೇ ಅನ್ನಿಸಿತು ನನಗೆ.

ಸಂಜೆ ಆ ಫರ್ನೆಸ್ ಎದುರಿಗೇ ನಮ್ಮ ಆಟ. ಕೊನೆಗೆ ಮಂಗಳಕ್ಕೆ ತಾಳ ಎತ್ತಿದಾಗ ಯಾರೋ ಕೈ ಹಿಡಿದಂತಾಗಿ ಒಂದು ಕ್ಷಣ ತಡೆದೆ. ಹಾಡಿದೆ. ಆ ಮುದುಕರು ಎದ್ದು ನಿಂತು ಟೋಪಿ ತೆಗೆದರು.

ಊರಿಗೆ ಬಂದವನು ಮೊನ್ನೆ ಸಾಗರದಲ್ಲಿ ಇಳಿದು ಮೊದಲು ಹೋದದ್ದು ಆ ಓಣಿಗೇ. ನಾನಿದ್ದ ಕೋಣೆಯಲ್ಲಿ ಈಗ ಕಾಲೇಜಿನ ಇಬ್ಬರು ಹುಡುಗಿಯರಿದ್ದಾರೆ. ಅತ್ತೆ ಅವರ ಸ್ನಾನಕ್ಕೆ ಒಲೆ ಉರಿಸುತ್ತಾ ಕೂತಿದ್ದರು. ಬಚ್ಚಲ ಬಾಗಿಲಲ್ಲೇ ಕೂತು ನಾನು ಎಲ್ಲ ಹೇಳಿದೆ. ಅತ್ತೆ ಮಾಡದಿಂದ ನೀಲಿ ಗಾಜು ತೆಗೆದು, ಸೆರಗಲ್ಲಿ ಮಸಿ ಒರೆಸಿದರು.

“ಅವ್ರದ್ದು ಹಾಡಿ ಬಂದ್ಯಲ್ಲ, ಇನ್ನು ನಮ್ದು ಹಾಡು.”

“ಮಾವ ಬ್ಯಾಡ ಅಂದಿದ್ರು ಅತ್ತೆ.”

“ಗೊತ್ತು. ಸಾಯೋರ ಹತ್ರ ಜಗಳ ಆಡಕ್ಕೆ ಆಗ್ಲಿಲ್ಲ ನಂಗೆ. ಅವ್ರು ಇನ್ನೂ ಅಲ್ಲೇ ಗೇಟಿನ ಮುಂದೆ ನಿಂತಿದಾರೆ ಅನ್ಸ್ತದೆ ಕಣೋ. ಸಾಕು. ಮನೆಗೆ ಬರ್ಲಿ.”

ತಾಳ ತಂದಿರಲಿಲ್ಲ. ತೊಡೆಯ ಮೇಲೆ ತಟ್ಟಿಕೊಂಡು ಹಾಡಿದೆ. ಎಷ್ಟು ಸಲ ಹಾಡಿದ ಪದ, ನಡುವೆ ಒಂದು ಸಾಲು ತಪ್ಪಿತು, ಅತ್ತೆ ಕಾದರು, ಮತ್ತೆ ಹಿಡಿದು ಮುಗಿಸಿದೆ. ಅಷ್ಟು ಹೊತ್ತೂ ಅವರು ಗಾಜನ್ನು ಕಣ್ಣಿಗೆ ಹಿಡಿದು ಬೆಂಕಿ ನೋಡುತ್ತಿದ್ದರು. ಹಾಡು ಮುಗಿದ ಮೇಲೆ ಕೊಳ್ಳಿಗಳನ್ನು ಒಂದೊಂದಾಗಿ ಹಿಂದಕ್ಕೆಳೆದು, ಚೊಂಬಿನಿಂದ ನೀರು ಚಿಮುಕಿಸಿದರು. ಚೊಯ್ಯೆಂದು ಹೊಗೆ ಎದ್ದಿತು. ಇನ್ನೂ ಕೆಂಪು ಮಾರಾಯ, ತಡಿ, ಎಂದು ಯಾರೂ ಕೂಗಲಿಲ್ಲ.