ಸಿಳ್ಳೆ ಬಾತಿನ ಗಿಡ

ನಮ್ಮ ಕಡೆ ಮರಕ್ಕೆ ಗಿಡ ಎನ್ನುತ್ತೇವೆ. ಹುಣಸಿ ಗಿಡ, ಮಾವಿನ ಗಿಡ, ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ಸಿಗದ ಮತ್ತಿ ಗಿಡ. ಹೋದ ಮಳೆಗಾಲದಲ್ಲಿ ನಮ್ಮೂರ ಕೆರೆಯ ಕೆಲಸಕ್ಕೆ ಬಂದ ಎಂಜಿನಿಯರ್ ಮೈಸೂರು ಕಡೆಯವರು. ಅವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನನಗೆ ಸಿಟ್ಟಿಲ್ಲ.

ನಮ್ಮೂರು ಪಾಳಾದಿಂದ ಸ್ವಲ್ಪ ಒಳಗೆ. ಕೆರೆ ಏರಿಯ ಮೇಲೆ ಹಳೆಯ ಮತ್ತಿ ಮರವೊಂದಿತ್ತು. ಎಂದೋ ಕೊಂಬೆ ಮುರಿದಲ್ಲಿ ಪೊಟರೆಯಾಗಿ, ಅದರೊಳಗೆ ಒಂದು ಜೋಡಿ ಸಿಳ್ಳೆ ಬಾತು ಮೊಟ್ಟೆಯಿಟ್ಟಿತ್ತು. ಬಾತು ಎಂದರೆ ನೀರಿನಲ್ಲಿ ತೇಲುವ ಹಕ್ಕಿ, ಗೂಡು ದಡದ ಹುಲ್ಲಿನಲ್ಲಿ ಎಂದೇ ಹೆಚ್ಚಿನವರ ತಿಳುವಳಿಕೆ. ಸಿಳ್ಳೆ ಬಾತೂ ಕೆಲವೊಮ್ಮೆ ಜೊಂಡಿನಲ್ಲಿ ಮೊಟ್ಟೆಯಿಡುತ್ತದೆ. ಒಳ್ಳೆಯ ಪೊಟರೆ ಸಿಕ್ಕರೆ ಮರ ಹತ್ತುತ್ತದೆ. ಕಂದು ಮೈ, ಉದ್ದ ಕತ್ತು, ಹಾರುವಾಗ ಬಾಯಲ್ಲಿ ತೆಳುವಾದ ಸಿಳ್ಳೆ. ಗಂಡು ಹೆಣ್ಣು ನೋಡಲು ಒಂದೇ ಥರ, ಕಾವು ಕೂರುವುದನ್ನೂ ಹಂಚಿಕೊಳ್ಳುತ್ತವೆ. ಮೊಟ್ಟೆಯೊಡೆದ ಮರಿಗಳು, ರೆಕ್ಕೆ ಬರುವ ಎಷ್ಟೋ ಮೊದಲೇ, ಪೊಟರೆಯ ಬಾಯಿಂದ ಕೆಳಕ್ಕೆ ಧುಮುಕುತ್ತವೆ. ಪ್ರಾಣಿಶಾಸ್ತ್ರ ಓದಿದ ನಾನು ಇದನ್ನು ಪುಸ್ತಕದಲ್ಲಷ್ಟೇ ಕಂಡಿದ್ದೆ. ಈ ಸಲ ಕಣ್ಣಾರೆ ನೋಡಬೇಕೆಂದು, ಪಾಠ ಮಾಡಲು ಮುಂಡಗೋಡದ ಬಸ್ಸು ಹಿಡಿಯುವ ಮೊದಲು ದಿನವೂ ಏರಿಯ ಮೇಲೆ ನಿಲ್ಲುತ್ತಿದ್ದೆ. ನನ್ನ ಲೆಕ್ಕದಲ್ಲಿ ಮೊಟ್ಟೆಯೊಡೆಯಲು ನಾಲ್ಕೈದು ದಿನ ಉಳಿದಿತ್ತು.

ಆಗ ಮಣ್ಣು ಅಗೆಯುವ ಯಂತ್ರ ಬಂತು. ಬೇಸಿಗೆಯಿಡೀ ಕೆರೆ ಬತ್ತಿ ಬಿದ್ದಿದ್ದಾಗ ಒಬ್ಬರೂ ಇತ್ತ ಸುಳಿದಿರಲಿಲ್ಲ. ನೀರು ತುಂಬಿ, ಹಕ್ಕಿಗಳು ಗೂಡು ಮಾಡಿದ ಮೇಲೆ ಏರಿಯನ್ನು ಅಗಲ ಮಾಡಿ, ಜನ ಅಡ್ಡಾಡಲು ದಾರಿ ಮಾಡುವ ನೆನಪಾಯಿತು. ನಾನೇ ಹೋಗಿ ಎಂಜಿನಿಯರಿಗೆ ಹೇಳಬಹುದಿತ್ತು. ಗುರುತಿಲ್ಲದವರ ಜೊತೆ ಮಾತು ನನಗೆ ಕಷ್ಟ. ಕೆರೆಯ ಕೆಳಗೆ ಗದ್ದೆ ಮಾಡುವ ಕಾಕಾರನ್ನು ಕಳಿಸಿದೆ. ಅವರು ಜೀಪಿನ ಹತ್ತಿರ ನಿಂತು ಹೇಳಿದ್ದು ಇಷ್ಟೇ: “ಸಾಹೇಬ್ರ, ಏರಿ ಮ್ಯಾಲಿನ ಗಿಡದಾಗ ಬಾತು ತತ್ತಿ ಇಟ್ಟಾವ್ರಿ. ಒಂದ್ ವಾರ ಆ ಗಿಡ ಮುಟ್ಟಬ್ಯಾಡ್ರಿ.”

ಎಂಜಿನಿಯರ್ ಜೀಪಿನಲ್ಲಿ ಕುಳಿತೇ ಬರೆದುಕೊಂಡರಂತೆ. ಕಾಕಾ ಖುಷಿಯಾಗಿ ಮನೆಗೆ ಬಂದು, “ಛಲೋ ಮನಿಷ್ಯಾ ಅದಾನವಾ, ಬರಕೊಂಡಾನ” ಎಂದರು.

ಮರುದಿನ ಸಂಜೆ ನಾನು ಬಸ್ಸಿಳಿದು ಬರುವಾಗ ಮತ್ತಿ ಮರ ಏರಿಗೆ ಅಡ್ಡಲಾಗಿ ಬಿದ್ದಿತ್ತು. ಅದರ ಪಕ್ಕದ ಲಕ್ಕಿ ಪೊದೆಗಳ ಸುತ್ತ ಕೋಲು ನೆಟ್ಟು ಕೆಂಪು ಪಟ್ಟಿ ಕಟ್ಟಿದ್ದರು. ಯಂತ್ರ ಆ ಪೊದೆಗಳನ್ನು ಬಳಸಿಕೊಂಡು ಎಷ್ಟು ಜೋಪಾನವಾಗಿ ಹೋಗಿತ್ತೆಂದರೆ ಒಂದು ಟೊಂಗೆಯೂ ಮುರಿದಿರಲಿಲ್ಲ. ಪೊಟರೆಯಲ್ಲಿದ್ದ ಮೊಟ್ಟೆಗಳಲ್ಲಿ ಒಂದೂ ಉಳಿದಿರಲಿಲ್ಲ. ಒಡೆದ ಮೊಟ್ಟೆಗಳೊಳಗಿನ ಮರಿಗಳಿಗೆ ಆಗಲೇ ತುಪ್ಪಳ ಬಂದಿತ್ತು.

ಮಾರನೆಯ ಬೆಳಿಗ್ಗೆ ಎಂಜಿನಿಯರ್ ಬಂದಾಗ ಕಾಕಾ ಕೇಳಿದರು. ಎಂಜಿನಿಯರಿಗೆ ನಗು ಬಂತು. “ಮರ ಅನ್ಬೇಕಿತ್ತು ಯಜಮಾನ್ರೇ, ನೀವು ಗಿಡ ಅಂದ್ರಿ. ಬಾತುಕೋಳಿ ಮರ ಹತ್ತುತ್ತೆ ಅಂತ ಯಾರಿಗ್ಗೊತ್ತು? ಹೋಗ್ಲಿ ಬಿಡಿ, ಒಂದರ ಬದಲು ಹತ್ತು ಗಿಡ ನೆಡಿಸ್ತೀನಿ.”

“ನಿಮ್ಮ ಗಿಡ ನಮ್ಮ ಗಿಡ ಆಗಬೇಕಂದ್ರ ನನ್ನ ಮೊಮ್ಮಕ್ಕಳು ಮುದುಕರಾಗಬೇಕ್ರಿ” ಎಂದರು ಕಾಕಾ.

ಸುತ್ತ ನಿಂತವರೂ ನಕ್ಕರು. ಆ ನಗುವೇ ನನಗೆ ಇವತ್ತಿಗೂ ಸಹಿಸಲಾಗದ್ದು. ಭಾಷೆಯ ತಮಾಷೆ ಎಂದುಬಿಟ್ಟರೆ ಯಾರ ತಪ್ಪೂ ಉಳಿಯುವುದಿಲ್ಲ. ಜೀಪಿನಿಂದ ಮರಕ್ಕೆ ನೂರು ಹೆಜ್ಜೆಯೂ ಇರಲಿಲ್ಲ. ಯಾವ ಗಿಡ, ತೋರಿಸಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹಳ್ಳಿಯ ಮನುಷ್ಯ ಹೇಳಿದ್ದನ್ನು ಬರೆದುಕೊಂಡರೆ ಮುಗಿಯಿತು, ಎದ್ದು ಹೋಗಿ ನೋಡಬೇಕಾಗಿಲ್ಲ ಎಂಬ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆ? ನನ್ನ ಮೇಲೂ ನನಗೆ ಸಿಟ್ಟಿದೆ. ನಾನು ಹೋಗಿದ್ದರೆ ಬೆರಳು ಮಾಡಿ ತೋರಿಸುತ್ತಿದ್ದೆ.

ನಾನು ಓದಿದವಳೆಂದು ತಿಳಿದು ಎಂಜಿನಿಯರ್ ಒಂದು ಕಾಗದ ಮುಂದೆ ಹಿಡಿದರು, ಊರಿನವರ ಪರವಾಗಿ ಸಹಿ ಬೇಕಂತೆ. ‘ಪಕ್ಷಿಗಳು ಗೂಡು ಮಾಡಿರುವ ಗಿಡಗಳನ್ನು ಗುರುತಿಸಿ ರಕ್ಷಿಸಲಾಗಿದೆ’ ಎಂದಿತ್ತು. ಆ ವಾಕ್ಯ ನಮ್ಮ ಕನ್ನಡದಲ್ಲೂ ಸುಳ್ಳು, ಅವರ ಕನ್ನಡದಲ್ಲೂ ಸುಳ್ಳು. ನಾನು ಅದನ್ನು ಹೊಡೆದುಹಾಕಿ, ಮತ್ತಿ ಮರದ ಪೊಟರೆಯಲ್ಲಿ ಸಿಳ್ಳೆ ಬಾತಿನ ಗೂಡಿತ್ತು, ಕಡಿಯುವ ಹಿಂದಿನ ದಿನವೇ ತಿಳಿಸಲಾಗಿತ್ತು, ಯಾರೂ ಹೋಗಿ ನೋಡಲಿಲ್ಲ, ಮರ ಕಡಿಯಲಾಯಿತು ಎಂದು ಬರೆದು, ಅದರ ಕೆಳಗೆ ಸಹಿ ಮಾಡಿದೆ.

“ಇದೆಲ್ಲಾ ಯಾಕೆ ಮೇಡಂ?” ಎಂದರು.

“ಬರ್ರಿ, ಗೂಡು ತೋರಸ್ತೀನಿ” ಎಂದೆ. ಅಷ್ಟು ಜನರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ಕೆಸರಿನಲ್ಲಿ ನನ್ನ ಹಿಂದೆ ನಡೆದು ಬಂದರು, ಬಿದ್ದ ಮರದ ಪೊಟರೆಯೊಳಗೆ ಬಗ್ಗಿ ನೋಡಿದರು, ಬೇಗನೆ ಎದ್ದರು. ಅಷ್ಟರಲ್ಲಿ ಆ ಜೋಡಿ ಸಿಳ್ಳೆ ಹಾಕುತ್ತ ಬಂದು, ಮೊದಲು ಮರವಿದ್ದ ಜಾಗದ ಮೇಲೆ ಒಂದು ಸುತ್ತು ಹಾರಿತು, ಮತ್ತೊಂದು ಸುತ್ತು ಹಾರಿತು. ಎಂಜಿನಿಯರ್ ತಲೆಯೆತ್ತಿ, ಅದು ಯಾವ ಹಕ್ಕಿ ಎಂದು ಕೇಳಿದರು.

ನಾನು ಅವರ ಕೈಯಲ್ಲಿದ್ದ ಕಾಗದದತ್ತ ಬೆರಳು ಮಾಡಿದೆ. ಹೆಸರು ಅದರಲ್ಲೇ ಇತ್ತು.