ಸಾಕ್ಷಿಯ ಸಾಲಿನಲ್ಲಿ ಯಮುನಾ

ಲಿಂಗರಾಜಪುರದ ಮೇಲ್ಸೇತುವೆಯ ಪಕ್ಕದಲ್ಲಿ ಮುನಿರಾಜಪ್ಪನವರ ಶಾಮಿಯಾನದ ಅಂಗಡಿ ಇದೆ. ನಾಮಕರಣವಿರಲಿ, ತಿಥಿಯಿರಲಿ, ವಿಹಾರದ ಬುದ್ಧ ಪೂರ್ಣಿಮೆಯಿರಲಿ, ಸುತ್ತಲಿನ ಬೀದಿಗಳವರು ಕುರ್ಚಿ ಒಯ್ಯುವುದು ಅಲ್ಲಿಂದಲೇ. ಅವರ ಮಗಳು ಯಮುನಾ ಅಕ್ಷರ ಕಲಿಯುವ ಮೊದಲೇ ಕುರ್ಚಿ ಜೋಡಿಸುವುದನ್ನು ಕಲಿತವಳು. ಒಂದರೊಳಗೊಂದು ಕೂರಿಸುತ್ತಾ ಹೋಗಿ ಹತ್ತಕ್ಕೆ ಒಂದು ಅಟ್ಟಿ ಕಟ್ಟಬೇಕು, ಅಟ್ಟಿ ಅಲುಗಾಡಬಾರದು. ಪ್ರತಿ ಕುರ್ಚಿಯ ಬೆನ್ನಿಗೂ ಕೆಂಪು ಬಣ್ಣದಲ್ಲಿ "ಮು.ರಾ." ಎಂದು ಬರೆದಿರುತ್ತದೆ. ಆ ಬಣ್ಣ ಮಾಸಿದರೆ ಮತ್ತೆ ತಿದ್ದುವ ಕೆಲಸವೂ ಚಿಕ್ಕಂದಿನಿಂದ ಅವಳದೇ.

ಈಗ ಅವಳಿಗೆ ನಲವತ್ತಮೂರು. ಕೆ.ಆರ್. ಪುರದಾಚೆ, ಗರುಡಾಚಾರ್ ಪಾಳ್ಯದ ಒಂದು ಔಷಧ ಸಂಶೋಧನೆಯ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಟೆಕ್ನೀಷಿಯನ್. ಬಿ.ಎಸ್ಸಿ. ಮುಗಿಸಿದವಳು ಮುಂದೆ ಯಾಕೆ ಓದಲಿಲ್ಲ ಎಂದು ಯಾರಾದರೂ ಕೇಳಿದರೆ, ಆಗ ಆಗಲಿಲ್ಲ ಎಂದಷ್ಟೇ ಹೇಳುತ್ತಾಳೆ. ಕೇಳಿದವರು ಅಷ್ಟಕ್ಕೇ ಸುಮ್ಮನಾಗುವುದು ಅವರಿಗೇ ಒಳ್ಳೆಯದು. ಹೊಸ ಸಂಯುಕ್ತ ತಯಾರಿಸುವುದರಲ್ಲಿ ಅವಳಷ್ಟು ಪಳಗಿದ ಕೈ ಆ ಕಟ್ಟಡದಲ್ಲಿ ಇನ್ನೊಂದಿಲ್ಲ. ಹಾಗೆಂದು ಯಾರೂ ಬರೆದುಕೊಟ್ಟಿಲ್ಲ, ಆದರೆ ಫ್ಲಾಸ್ಕಿನೊಳಗಿನದು ಗಟ್ಟಿಯಾಗದೆ ಅಂಟಂಟಾಗಿ ಕೂತುಬಿಟ್ಟರೆ ಡಾಕ್ಟರೇಟ್ ಪಡೆದವರೆಲ್ಲ ಅವಳ ಮೇಜಿನ ಕಡೆಗೇ ಓಡಿ ಬರುತ್ತಾರೆ.

ನಂದಿತಾ ಬಂದದ್ದು ಆರು ವರ್ಷದ ಹಿಂದೆ. ಇಂದಿರಾನಗರದವಳು, ದೊಡ್ಡ ಓದು ಓದಿ ನೇರವಾಗಿ ವಿಜ್ಞಾನಿಯ ಹುದ್ದೆಗೇ ಸೇರಿದಳು. ರಸಾಯನಶಾಸ್ತ್ರ ನಾಲಿಗೆಯ ತುದಿಯಲ್ಲಿತ್ತು, ಆದರೆ ಗಾಜಿನ ಸಾಮಾನು ಹಿಡಿದರೆ ಕೈ ನಡುಗುತ್ತಿತ್ತು. ಮೊದಲ ವಾರವೇ ಮೂರು ತಿಂಗಳ ಕೆಲಸ ತುಂಬಿದ್ದ ಫ್ಲಾಸ್ಕನ್ನು ನೆಲಕ್ಕೆ ಹಾಕಿ ಚೂರು ಮಾಡಿದಳು. ಮೇಲಿನವರು ಬಂದು ಯಾರು ಮಾಡಿದ್ದು ಎಂದು ಕೇಳಿದಾಗ, ಬಿಳಿಚಿಕೊಂಡು ನಿಂತಿದ್ದ ಹೊಸಬಳನ್ನು ನೋಡಲಾರದೆ ಯಮುನಾ ತನ್ನ ಕೈಯಿಂದಲೇ ಜಾರಿತು ಎಂದುಬಿಟ್ಟಳು. ಆ ವರ್ಷ ಅವಳಿಗೆ ಬರಬೇಕಿದ್ದ ಬಡ್ತಿ ಅದರ ಜೊತೆಗೇ ಒಡೆದುಹೋಯಿತು. ನಂದಿತಾ ಅವಳನ್ನು ತಬ್ಬಿಕೊಂಡು ಅತ್ತು, "ಸಾಯೋವರ್ಗೂ ಇದನ್ನ ಮರೆಯಲ್ಲ ಅಕ್ಕಾ" ಎಂದಳು. ಸಾಯುವವರೆಗೆ ಎಂಬ ಮಾತನ್ನು ಜನ ಎಷ್ಟು ಸಲೀಸಾಗಿ ಆಡುತ್ತಾರೋ.

ಅಂದಿನಿಂದ ಇಬ್ಬರದೂ ಒಂದೇ ಊಟ. ಯಮುನಾ ಎರಡು ಡಬ್ಬಿ ತರುತ್ತಿದ್ದಳು, ಒಂದು ನಂದಿತಾಳದು. ಬಸ್ಸಾರಿನ ದಿನವಂತೂ ನಂದಿತಾ ಬೆರಳು ಚೀಪುತ್ತಿದ್ದಳು. ಊಟವಾದ ಮೇಲೆ ಎರಡೂ ಡಬ್ಬಿಯನ್ನು ಯಮುನಾಳೇ ತೊಳೆದು ಚೀಲಕ್ಕೆ ಹಾಕಿಕೊಳ್ಳುವಳು. ನಂದಿತಾ ತಂಡದ ಮುಖ್ಯಸ್ಥೆಯಾದ ಮೇಲೂ ಇದು ನಿಲ್ಲಲಿಲ್ಲ.

ಕೋವಿಡ್ಡಿನ ಎರಡನೇ ಅಲೆಯ ನಂತರ ಇವರ ತಂಡಕ್ಕೆ ಹೊಸ ಕೆಲಸ ಬಂತು. ಶಿಲೀಂಧ್ರದ ಕಾಯಿಲೆಗೆ ಕೊಡುವ ಒಂದು ಔಷಧವಿತ್ತು, ಅದು ಕಾಯಿಲೆಯ ಜೊತೆಗೆ ರೋಗಿಯ ಮೂತ್ರಪಿಂಡವನ್ನೂ ತಿಂದುಹಾಕುವಂಥದ್ದು. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳ ಗೋಡೆಯಲ್ಲಿ ಸಿಕ್ಕಿಸಿ, ಎಲ್ಲಿಗೆ ಬೇಕೋ ಅಲ್ಲಿಗೆ ಮಾತ್ರ ಮುಟ್ಟಿಸಬೇಕು. ಗುಳ್ಳೆಯ ಗೋಡೆ ಕಟ್ಟಲು ಹೊಸ ಸಂಯುಕ್ತ ಬೇಕಿತ್ತು. ಅವರು ತಯಾರಿಸಿದ ಒಂದೊಂದು ಅಣುವಿಗೂ ಒಂದು ತಲೆ, ಸಮ ಉದ್ದದ ಎರಡು ಬಾಲ. ನೋಡಲು ಚೆಂದ, ಕೆಲಸಕ್ಕೆ ಬಾರದು. ಅಣುಗಳು ಒತ್ತೊತ್ತಾಗಿ ಕೂತು ಗೋಡೆಯಲ್ಲಿದ್ದ ಔಷಧವನ್ನು ಎರಡೇ ದಿನದಲ್ಲಿ ಹೊರಗೆ ತಳ್ಳಿಬಿಡುತ್ತಿದ್ದವು. ಒಂದು ವರ್ಷ ಹೀಗೇ ಕಳೆಯಿತು.

ಆ ಸಲದ ಬುದ್ಧ ಪೂರ್ಣಿಮೆಗೆ ಯಮುನಾ ನಂದಿತಾಳನ್ನು ಮನೆಗೆ ಕರೆದಿದ್ದಳು. ವಿಹಾರದಲ್ಲಿ ವಂದನೆ ಮುಗಿದು, ಪಾಯಸ ಉಂಡು, ಇಬ್ಬರೂ ಮುನಿರಾಜಪ್ಪನವರ ಜೊತೆ ಕುರ್ಚಿ ಜೋಡಿಸಲು ನಿಂತರು. ಒಂದು ಅಟ್ಟಿ ಸರಿಯಾಗಿ ಕೂರಲೇ ಇಲ್ಲ. ಬಗ್ಗಿ ನೋಡಿದರೆ ನಡುವೆ ಕಾಲು ಮೊಂಡಾದ ಕುರ್ಚಿಯೊಂದು ಸೇರಿಕೊಂಡು, ಅದರ ಮೇಲಿನದಕ್ಕೂ ಅದಕ್ಕೂ ನಡುವೆ ಒಂದು ಹಿಡಿಯಷ್ಟು ಸಂದು ಬಿಟ್ಟಿತ್ತು. ಯಮುನಾ ಆ ಸಂದಿನಲ್ಲಿ ಕೈ ತೂರಿಸಿ ಹಾಗೇ ನಿಂತಳು. ಒಂದು ಬಾಲ ಗಿಡ್ಡ ಮಾಡಿದರೆ ಔಷಧಕ್ಕೆ ಕೂರಲು ಜಾಗ ಸಿಗುತ್ತದಲ್ಲ ಎಂದಳು. ನಂದಿತಾ ಮೊದಲು ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು.

ಮರುದಿನ ಲ್ಯಾಬಿನಲ್ಲಿ ನಂದಿತಾ ತನ್ನ ನೋಟ್‌ಬುಕ್ ತೆಗೆದಳು. ಆ ಕಂಪನಿಯಲ್ಲಿ ಇನ್ನೂ ಕಾಗದದ ಪದ್ಧತಿಯೇ ಇದೆ. ವಿಜ್ಞಾನಿಗಳು ಹೊಳೆದದ್ದನ್ನು, ಮಾಡಿದ್ದನ್ನು ಹೊಲಿದ ಪುಸ್ತಕದಲ್ಲಿ ಬರೆಯಬೇಕು. ಪುಟದ ಕೆಳಗೆ ಎರಡು ಸಾಲು, ಒಂದರಲ್ಲಿ ಬರೆದವರ ಸಹಿ, ಇನ್ನೊಂದರಲ್ಲಿ ಓದಿ ಅರ್ಥ ಮಾಡಿಕೊಂಡ ಸಾಕ್ಷಿಯ ಸಹಿ. ಟೆಕ್ನೀಷಿಯನ್ನರಿಗೆ ಪುಸ್ತಕವಿರಲಿಲ್ಲ. ನಂದಿತಾ ಇಡೀ ಪುಟ ಬರೆದು ಸಹಿ ಹಾಕಿ ಪುಸ್ತಕವನ್ನು ಯಮುನಾಳ ಕಡೆಗೆ ತಿರುಗಿಸಿದಳು.

"ವಿಟ್ನೆಸ್ ನೀವೇ ಹಾಕಿ ಅಕ್ಕಾ. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥ ಆಗಿದೆ?"

ಯಮುನಾ ಹಿಗ್ಗಿಹೋದಳು. ಅಷ್ಟು ವರ್ಷದಲ್ಲಿ ಅವಳ ಸಹಿಯನ್ನು ಯಾರೂ ಕೇಳಿರಲಿಲ್ಲ. ಕೈಯನ್ನು ಕೋಟಿಗೆ ಒರೆಸಿಕೊಂಡು, ಎಂ. ಯಮುನಾ ಎಂದು ದುಂಡಗೆ ಕನ್ನಡದಲ್ಲಿ ಬರೆದಳು.

ಗಿಡ್ಡ ಬಾಲದ ಸಂಯುಕ್ತವನ್ನು ತಯಾರಿಸಲು ಹನ್ನೊಂದು ವಾರ ಬೇಕಾಯಿತು. ಲ್ಯಾಬಿನವರೆಲ್ಲ ಅದಕ್ಕೆ ಮೊಂಡ ಕುರ್ಚಿ ಎಂದೇ ಹೆಸರಿಟ್ಟರು. ಎರಡು ದಿನ ನಿಲ್ಲದಿದ್ದ ಔಷಧ ನಲವತ್ತು ದಿನ ನಿಂತಿತು. ಇಲಿಗಳ ಮೂತ್ರಪಿಂಡಕ್ಕೆ ಏನೂ ಆಗಲಿಲ್ಲ. ಮುನಿರಾಜಪ್ಪನವರು ಅಂಗಡಿಗೆ ಬಂದವರಿಗೆಲ್ಲ, ಬೇಡವೆಂದರೂ ಬಿಡದೆ, ನನ್ನ ಮಗಳು ಔಷಧಿ ಕಂಡುಹಿಡಿದಳು ಎಂದು ಹೇಳತೊಡಗಿದರು.

ಪೇಟೆಂಟಿಗೆ ಅರ್ಜಿ ಹಾಕಿದ ದಿನ ಕ್ಯಾಂಟೀನಿನಲ್ಲಿ ಕೇಕು ಕತ್ತರಿಸಿದರು. ಗೋಡೆಯ ಪರದೆಯ ಮೇಲೆ ಆವಿಷ್ಕಾರ ಮಾಡಿದವರ ಹೆಸರು ಬಂತು. ಒಂದು ನಂದಿತಾಳದು, ಇನ್ನೊಂದು ನಿರ್ದೇಶಕರದು. ಯಮುನಾ ಮೂರು ಸಲ ಓದಿದಳು. ಕೇಕಿನ ತಟ್ಟೆಯನ್ನು ಅಲ್ಲೇ ಇಟ್ಟು, ಕಂಪನಿಯ ಪೇಟೆಂಟ್ ಕೆಲಸ ನೋಡುವ ವಕೀಲೆ ಮಾರಿಯಾಳ ಕೋಣೆಗೆ ಹೋದಳು. ಮಾರಿಯಾ ಮುಚ್ಚುಮರೆ ಇಲ್ಲದವಳು. ಆ ಪುಟ ತೆರೆದು ತೋರಿಸಿದಳು.

"ಸಾಕ್ಷಿ ಅಂದ್ರೆ ಹೊರಗಿನವರು ಯಮುನಾ. ಅದ್ರಲ್ಲಿ ಪಾಲಿಲ್ಲದವರು. ನಂಗೆ ಇದ್ರಲ್ಲಿ ಪಾಲಿಲ್ಲ ಅಂತ ನಿಮ್ಮ ಕೈಯಾರೆ ನೀವೇ ಬರ್ಕೊಟ್ಟಿದ್ದೀರಿ."

ಬೇರೆ ಬರಹ ಏನಾದರೂ ಇದೆಯೇ ಎಂದು ಮಾರಿಯಾ ಕೇಳಿದಳು. ಇರಲಿಲ್ಲ. ಹಾಗಾದರೆ ಇದು ಯಮುನಾಳಿಗೆ ಹೊಳೆದದ್ದು ಎಂದು ನಂದಿತಾಳೇ ಬರೆದುಕೊಡಬೇಕು, ಕೊಟ್ಟರೆ ತಿದ್ದಬಹುದು ಎಂದಳು.

ಯಮುನಾ ನಂದಿತಾಳ ಹತ್ತಿರ ಹೋಗಿ, ಸಾಕ್ಷಿಯ ನಿಯಮದ ಮಾತೆತ್ತದೆ, ಹಾಗೆ ಬರೆದುಕೊಡುತ್ತೀಯಾ ಎಂದಷ್ಟೇ ಕೇಳಿದಳು. ನಂದಿತಾ ತಲೆ ಚಚ್ಚಿಕೊಂಡಳು. ನಿಮ್ಮ ಹೆಸರು ಯಾಕೆ ಬಿಟ್ಟುಹೋಯಿತೆಂದೇ ತನಗೆ ಗೊತ್ತಿಲ್ಲ, ಪಟ್ಟಿ ಮಾಡಿದ್ದು ಮೇಲಿನವರು, ಈಗಲೇ ಕೇಳುತ್ತೇನೆ ಎಂದಳು. ನಾಲ್ಕು ದಿನವಾದ ಮೇಲೆ, ನಿರ್ದೇಶಕರು ಈಗ ಕೆದಕುವುದು ಬೇಡ ಎಂದರು, ಮುಂದಿನ ಸಲ ನಿಮ್ಮ ಹೆಸರೇ ಮೊದಲು ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಯಮುನಾ ಅದನ್ನು ನಂಬಿದಳು. ನಂಬದಿದ್ದರೆ ಮರುದಿನ ಎರಡನೇ ಡಬ್ಬಿಗೆ ಅನ್ನ ಹಾಕುವುದು ಹೇಗೆ?

ಅವಳಿಗೆ ಹೆಸರು ಹೋದದ್ದಕ್ಕಿಂತ ದೊಡ್ಡದಾಗಿ ಕಾಡಿದ್ದು ಇದೊಂದೇ. ಸಾಕ್ಷಿ ಹಾಕಿದವರಿಗೆ ಪಾಲಿಲ್ಲ ಎಂದು ನಂದಿತಾಳಿಗೆ ಗೊತ್ತಿತ್ತೇ, ಇಲ್ಲವೇ? ಗೊತ್ತಿಲ್ಲದೆ ಆದದ್ದಾದರೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಬಹುದು. ಅವಳು ಹಾಗೇ ಹಾಕಿಕೊಂಡಳು. ಆದರೆ ಪಕ್ಕದ ವಿಭಾಗದಲ್ಲಿ ಮಾದರಿಗಳನ್ನು ಪರೀಕ್ಷೆ ಮಾಡುವ ಗಯಾಜ್, ಶಿವಾಜಿನಗರದವನು, ಅವಳ ಹಳೆಯ ಸಹೋದ್ಯೋಗಿ, ಸುಮ್ಮನಿರುವ ಪೈಕಿ ಅಲ್ಲ.

"ಅವ್ರ ಬುಕ್ಕಲ್ಲಿ ಎಲ್ಲಾ ಪೇಜಿಗೂ ನನ್ ಸೈನು. ಅದೊಂದೇ ಪೇಜಿಗೆ ನಿಂದು. ಯಾಕೆ ಅಂತ ಯೋಚ್ನೆ ಮಾಡು ಯಮುನಾ" ಎಂದ.

ಯಮುನಾ ಸಿಡಿದುಬಿದ್ದಳು. ನಿನ್ನ ಮನಸ್ಸೇ ಸರಿಯಿಲ್ಲ ಎಂದು ಬೈದು ಒಂದು ವಾರ ಅವನ ಜೊತೆ ಮಾತು ಬಿಟ್ಟಳು. ತಂದೆಗೆ ಮಾತ್ರ ನಿಜ ಹೇಳಲೇಬೇಕಾಯಿತು, ಬೀದಿಯವರೆಲ್ಲ ಪೇಪರಿನಲ್ಲಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರಲ್ಲ. ನಂದಿತಾ ಬೇಕೆಂದು ಮಾಡಿದ್ದಲ್ಲ ಎಂದು ಮಗಳು ವಾದಿಸಿದ್ದನ್ನೂ ಮುನಿರಾಜಪ್ಪನವರು ಪೂರ್ತಿ ಕೇಳಿಸಿಕೊಂಡರು.

"ಕುರ್ಚಿಗೆ ಹೆಸ್ರು ಬರೀದೆ ಯಾರ್ ಮನೆಗೂ ಕಳಿಸ್ಬೇಡ ಅಂತ ನಿಂಗೆ ನಾನೇ ಕಲ್ಸಿದ್ದೆ ಕಣಮ್ಮ" ಎಂದರು, ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ. ಅಂಗಡಿಗೆ ಬಂದವರಿಗೆ ಔಷಧಿಯ ಕಥೆ ಹೇಳುವುದನ್ನೂ ನಿಲ್ಲಿಸಿದರು. ಅದು ಯಮುನಾಳಿಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಒಂದೂವರೆ ವರ್ಷ ಕಳೆಯಿತು. ಮೊಂಡ ಕುರ್ಚಿಯನ್ನು ಈಗ ಎಲ್ಲರೂ ನಂಬರಿನಿಂದಲೇ ಕರೆಯುತ್ತಿದ್ದರು. ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಹೋದಾಗ ಅದು ಕೈಕೊಟ್ಟಿತು. ಗುಳ್ಳೆಗಳು ಶೀತಲಪೆಟ್ಟಿಗೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾದವು. ನಂದಿತಾಳ ಮುಖ ಬಾಡಿತು, ನಿದ್ದೆ ಕೆಟ್ಟಿತು. ಊಟದ ಹೊತ್ತಿಗೆ ಡಬ್ಬಿ ತೆರೆಯದೆ, ಅಕ್ಕಾ, ಏನಾದ್ರೂ ಹೊಳೆಯುತ್ತಾ ಎಂದು ದಿನವೂ ಕೇಳುತ್ತಿದ್ದಳು.

ಹೊಳೆದಿತ್ತು. ಬಿಸಿಲಿಗೆ ಅಟ್ಟಿಯ ಕುರ್ಚಿಗಳು ಕಚ್ಚಿಕೊಳ್ಳದಿರಲೆಂದು ಮುನಿರಾಜಪ್ಪನವರು ನಡುನಡುವೆ ಗೋಣಿತಟ್ಟಿನ ತುಂಡು ಹಾಕುತ್ತಾರೆ. ಹಾಗೆಯೇ ಇಪ್ಪತ್ತು ಅಣುವಿಗೊಂದರಂತೆ, ತಲೆಗೆ ಉದ್ದನೆಯ ಸಕ್ಕರೆಯ ಎಳೆ ಅಂಟಿಸಿದ ಹೊಸ ಸಂಯುಕ್ತವನ್ನು ಬೆರೆಸಿದರೆ ಗುಳ್ಳೆಗಳು ದೂರದೂರ ನಿಲ್ಲುತ್ತವೆ. ಯಮುನಾ ಅದನ್ನು ಊಟದ ಮೇಜಿನ ಮೇಲೆ ಹೇಳಲಿಲ್ಲ. ಉಗ್ರಾಣಕ್ಕೆ ಹೋಗಿ ತನಗೊಂದು ನೋಟ್‌ಬುಕ್ ಬೇಕೆಂದು ಕೇಳಿದಳು. ಕೊಡಬಾರದೆಂಬ ನಿಯಮವೇ ಇರಲಿಲ್ಲ, ಇಷ್ಟು ವರ್ಷ ಯಾವ ಟೆಕ್ನೀಷಿಯನ್ನೂ ಕೇಳಿರಲಿಲ್ಲ, ಅಷ್ಟೇ. ಮೊದಲ ಪುಟದಲ್ಲಿ ತಪ್ಪುತಪ್ಪು ಇಂಗ್ಲಿಷಿನಲ್ಲಾದರೂ ಎಲ್ಲವನ್ನೂ ಬರೆದು, ಚಿತ್ರ ಬಿಡಿಸಿ, ಸಹಿ ಹಾಕಿ, ನಂದಿತಾಳ ಮುಂದಿಟ್ಟಳು.

"ವಿಟ್ನೆಸ್ ನೀನು ಹಾಕು ನಂದಿತಾ. ನಿನಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥ ಆಗುತ್ತೆ?"

ನಂದಿತಾ ಓದುತ್ತಾ ಹೋದಂತೆ ಮುಖ ಅರಳಿತು. ಇದು ಆಗೇ ಆಗುತ್ತದೆ, ಎಷ್ಟು ಸುಲಭ, ನನಗೆ ಯಾಕೆ ಹೊಳೆಯಲಿಲ್ಲ ಎಂದಳು. ಪೆನ್ನು ತೆಗೆದಳು. ಹಾಕಿಬಿಡು, ಹಾಕಿಬಿಡು ಎಂದು ಯಮುನಾ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಹಾಕಿದರೆ ಇವಳಿಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಆಗ ಅವಳ ಕೈ ಹಿಡಿದು ನಿಲ್ಲಿಸಿ, ಬೇಡ, ನೀನು ನನ್ನ ಜೊತೆ ಮೇಲಿನ ಸಾಲಿಗೆ ಬಾ ಎನ್ನಬೇಕು. ಆ ಸಾಲಿನಲ್ಲಿ ಇನ್ನೊಂದು ಹೆಸರಿಗೆ ಜಾಗವನ್ನೂ ಬಿಟ್ಟಿದ್ದಳು.

ಪೆನ್ನು ಕಾಗದದವರೆಗೆ ಬಂದು ನಿಂತಿತು. ನಂದಿತಾ ಹಗುರವಾಗಿ ನಕ್ಕು ಮುಚ್ಚಳ ಹಾಕಿದಳು.

"ನಾನ್ ಹೆಂಗೆ ಹಾಕ್ಲಿ ಅಕ್ಕಾ? ನಾನ್ ಹಾಕಿದ್ರೆ ಇದ್ರಲ್ಲಿ ನನ್ನ ಹೆಸ್ರು ಬರಲ್ವಲ್ಲ. ಗಯಾಜ್ ಹತ್ರ ಹಾಕ್ಸಿ."

ಆಡಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ನಗು ಮುಖದಲ್ಲೇ ಉಳಿದುಬಿಟ್ಟಿತು, ಅದನ್ನು ತೆಗೆಯುವುದು ಹೇಗೆಂದು ತಿಳಿಯದವಳಂತೆ ಕೂತಳು.

"ಯಾವಾಗಿಂದ ಗೊತ್ತಿತ್ತು ನಿಂಗೆ?" ಯಮುನಾ ಕೇಳಿದಳು.

ನಂದಿತಾ ತಲೆ ತಗ್ಗಿಸಿದಳು. "ಸೇರಿದ ಮೊದಲ್ನೇ ವಾರ" ಎಂದಳು ಮೆಲ್ಲಗೆ. "ಟ್ರೈನಿಂಗಲ್ಲೇ ಹೇಳ್ಕೊಟ್ಟಿದ್ರು."

ಫ್ಲಾಸ್ಕ್ ಒಡೆದ ವಾರ. ಯಮುನಾಳಿಗೆ ಕೂಗಾಡಬೇಕು ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಈ ಹೆಣ್ಣಿಗಾಗಿ ಗಯಾಜನನ್ನು ಬೈದೆನಲ್ಲ, ಅಪ್ಪನ ಎದುರು ವಾದಿಸಿದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಪುಸ್ತಕ ಎತ್ತಿಕೊಂಡು ಪಕ್ಕದ ವಿಭಾಗಕ್ಕೆ ನಡೆದಳು. ಗಯಾಜ್ ಏನನ್ನೂ ಕೆದಕಲಿಲ್ಲ. ಪುಟವನ್ನು ಸಾಲುಸಾಲಾಗಿ ಓದಿ, ಎರಡು ಪ್ರಶ್ನೆ ಕೇಳಿ, ಸಾಕ್ಷಿಯ ಸಾಲಿನಲ್ಲಿ ಸಹಿ ಮಾಡಿ ದಿನಾಂಕ ಹಾಕಿದ. ಮೇಲಿನ ಸಾಲಿನಲ್ಲಿ ಎಂ. ಯಮುನಾ ಒಬ್ಬಳೇ ಇದ್ದಳು, ಪಕ್ಕದಲ್ಲಿ ಬಿಟ್ಟಿದ್ದ ಜಾಗಕ್ಕೆ ಅವಳು ಉದ್ದಕ್ಕೂ ಒಂದು ಗೆರೆ ಎಳೆದಳು.

ಹೆಸರು ಸಿಕ್ಕಿತು, ಸಂತೋಷ ಪಡಬೇಕಿತ್ತು. ಸಂತೋಷ ಬರಲಿಲ್ಲ. ಸಂಜೆ ಮನೆಗೆ ಹೊರಡಲು ಚೀಲ ಎತ್ತಿಕೊಂಡಾಗ, ಮಧ್ಯಾಹ್ನ ತೊಳೆದಿಟ್ಟಿದ್ದ ಎರಡು ಡಬ್ಬಿಗಳು ಒಳಗೆ ಸದ್ದು ಮಾಡಿದವು. ನಂದಿತಾಳದನ್ನು ಹೊರತೆಗೆದು, ಅವಳಿಲ್ಲದ ಹೊತ್ತು ನೋಡಿ ಅವಳ ಮೇಜಿನ ಮೇಲಿಟ್ಟು, ಮೆಟ್ರೊ ಹಿಡಿಯಲು ಹೋದಳು.