ಸಮ್ಮೇಳನಕ್ಕೆ ಮಾವನವರು ಬಂದದ್ದು

ಮಗಳಿಗೆ ಎಂಟು ತಿಂಗಳಾಗಿದ್ದಾಗ ಗಂಗಾವತಿಯ ಒಂದು ಕಾಲೇಜಿನಲ್ಲಿ ಕೃಷಿ ವಿಜ್ಞಾನದ ಸಮ್ಮೇಳನ ನಡೆಯಿತು. ಸಂಶೋಧನಾ ವಿದ್ಯಾರ್ಥಿಗಳಿಗೆಂದು ಅಲ್ಲಿ ಪ್ರಬಂಧ ಮಂಡನೆಯ ಸ್ಪರ್ಧೆಯೂ ಇತ್ತು. ಉಪ್ಪೇರಿ ಸವಳು ಹತ್ತಿದ ಭತ್ತದ ಗದ್ದೆಗಳ ಮೇಲೆ ನಾನು ಮಾಡಿದ ಕೆಲಸ ಆಯ್ಕೆಯಾಗಿತ್ತು. ಆದರೆ ಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು ಹೋಗುವುದು ಹೇಗೆ? ಅತ್ತೆ ನಾದಿನಿಯ ಬಾಣಂತನಕ್ಕೆ ಕುಷ್ಟಗಿಗೆ ಹೋಗಿದ್ದರು. ಮೇಷ್ಟ್ರಾಗಿದ್ದ ನನ್ನ ಗಂಡನಿಗೆ ಪರೀಕ್ಷೆಯ ಡ್ಯೂಟಿ. ಯಲಬುರ್ಗಾದ ಮನೆಯಲ್ಲಿ ಉಳಿದವರು ಮಾವನವರೊಬ್ಬರೇ.

ಮಾವನವರಿಗೂ ನನಗೂ ನೇರ ಮಾತು ಇರಲಿಲ್ಲ. ಮುನಿಸಲ್ಲ, ಮರ್ಯಾದೆ. ಕಾಳಿನ ಅಂಗಡಿಯನ್ನು ದೊಡ್ಡ ಮಗನಿಗೆ ಒಪ್ಪಿಸಿ ಮನೆಯಲ್ಲಿದ್ದ ಅವರು ಪಡಸಾಲೆಯಲ್ಲಿ ಕೂತರೆ ನಾನು ಅಡುಗೆಮನೆ ದಾಟುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಅವಳ ಮುಖಾಂತರ ಮಾತು ಶುರುವಾಯಿತು. “ತಾತಗ ಚಾ ಬೇಕೇನು ಕೇಳು” ಎಂದು ನಾನು ಅವಳಿಗೆ ಹೇಳುತ್ತಿದ್ದೆ. “ಸಕ್ರಿ ಕಡಿಮಿ ಹಾಕು ಅಂತ ನಿಮ್ಮವ್ವಗ ಹೇಳು” ಎಂದು ಅವರೂ ಅವಳಿಗೇ ಹೇಳುತ್ತಿದ್ದರು.

ಹೋಗುವುದಿಲ್ಲವೆಂದು ನಾನು ಗಂಡನಿಗೆ ಹೇಳಿದ್ದು ಪಡಸಾಲೆಗೆ ಕೇಳಿಸಿರಬೇಕು. ಮಾವನವರು ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, “ನಿಮ್ಮವ್ವಗ ಹೇಳು, ನಾವಿಬ್ರೂ ಆಕಿ ಸಂಗಾಟ ಹೊಂಟೀವಿ ಅಂತ” ಎಂದರು.

ಬೆಳಗಿನ ಮೊದಲ ಬಸ್ಸಿಗೆ ಹೊರಟು, ಕೊಪ್ಪಳದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಮಾವನವರು ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟಿದ್ದರು. ಗಂಗಾವತಿ ಮುಟ್ಟುವಷ್ಟರಲ್ಲಿ ಕೂಸು ಅದನ್ನು ಎರಡು ಕಡೆ ಒದ್ದೆ ಮಾಡಿತ್ತು. ಅವರು ಆ ಭಾಗವನ್ನು ಒಳಗೆ ಮಡಚಿಕೊಂಡು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತರು. ಸುತ್ತಲೂ ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡ ಹುಡುಗ ಹುಡುಗಿಯರು. ಯಾರೋ ಅವರನ್ನೂ ಅತಿಥಿಯೆಂದು ತಿಳಿದು ಗುಲಾಬಿ ಹೂ ಕೊಟ್ಟು ಹೋದರು.

ನನ್ನ ಸರದಿ ಊಟದ ನಂತರ ಎಂದಿತ್ತು. ಅಷ್ಟರೊಳಗೆ ಹಾಲು ಕುಡಿಸಿದರಾಯಿತೆಂದು ನಿಶ್ಚಿಂತಳಾಗಿದ್ದೆ. ಆದರೆ ಮೊದಲು ಮಾತಾಡಬೇಕಿದ್ದ ಇಬ್ಬರು ಬಂದಿರಲಿಲ್ಲ. ಮೈಕಿನಲ್ಲಿ ಥಟ್ಟನೆ ನನ್ನ ಹೆಸರು ಕೂಗಿದರು. ಅದೇ ಹೊತ್ತಿಗೆ ಕೂಸು ಹಸಿದು ಚೀರತೊಡಗಿತು. ಅದರ ಅಳುವಿಗೆ ನನ್ನ ಎದೆ ಬಿಗಿದು ಹಾಲು ಸೋರತೊಡಗಿತು. ಫೈಲನ್ನು ಎದೆಗೊತ್ತಿಕೊಂಡು ನಿಂತೆ. ವೇದಿಕೆಗೆ ಹೋಗಲೂ ಆಗಲಿಲ್ಲ, ಹಿಂದೆ ತಿರುಗಲೂ ಆಗಲಿಲ್ಲ.

ಆಗ ಮಾವನವರು ಕೂಸನ್ನು ಹೆಗಲಿಗೆ ಹಾಕಿಕೊಂಡು ನಡುದಾರಿಯಲ್ಲಿ ಸೀದಾ ತೀರ್ಪುಗಾರರ ಮೇಜಿನತ್ತ ನಡೆದರು.

“ನಮಸ್ಕಾರ್ರೀ. ಕೂಸು ಹಸದೈತ್ರಿ. ಈಕಿ ಹಾಲು ಕುಡಿಸಿ ಬರ್ಲಿ. ಅಲ್ಲಿತನಕಾ ಬ್ಯಾರೇದವರನ್ನ ಕರೀರಿ.”

ತೀರ್ಪುಗಾರರಲ್ಲಿ ಒಬ್ಬ ಹಿರಿಯ ಹೆಣ್ಣುಮಗಳಿದ್ದರು. ಅವರು ಕನ್ನಡಕ ತೆಗೆದು ನಕ್ಕು, “ಆಗ್ಲಿ ಬಿಡ್ರಿ ಅಜ್ಜಾರ, ಕೂಸಿಂದು ಮೊದ್ಲು” ಎಂದರು. ನನ್ನ ನಂತರ ಮಾತಾಡಬೇಕಿದ್ದ ರಾಯಚೂರಿನ ಹುಡುಗನನ್ನು ಕರೆದರು. ಅವನು ಗಾಬರಿಯಲ್ಲಿ ಟೈ ಸರಿಮಾಡಿಕೊಳ್ಳುತ್ತ ಎದ್ದ.

ವೇದಿಕೆಯ ಹಿಂದೆ ಹಳೆಯ ಬ್ಯಾನರು, ಮುರಿದ ಕುರ್ಚಿ ತುಂಬಿದ ಕೋಣೆಯೊಂದಿತ್ತು. ಅಲ್ಲಿ ಕೂತು ಕೂಸಿಗೆ ಮೊಲೆಯೂಡಿಸಿದೆ. ಮಾವನವರು ಬಾಗಿಲು ಎಳೆದುಕೊಂಡು, ಹೊರಗೆ ಅದಕ್ಕೆ ಬೆನ್ನುಕೊಟ್ಟು ನಿಂತರು. ನನಗೆ ಅಳು ಬಂತು. ಅದು ಅವರಿಗೆ ಕೇಳಿಸಿತೇನೋ.

“ಯವ್ವಾ, ಅವಸರ ಮಾಡಬ್ಯಾಡ,” ಎಂದರು ಹೊರಗಿನಿಂದ. “ಹೊಟ್ಟಿ ತುಂಬ ಕುಡೀಲಿ. ಅವ್ರು ಕಾಯ್ತಾರ.”

ಮದುವೆಯಾಗಿ ನಾಲ್ಕು ವರ್ಷಕ್ಕೆ ಅವರು ನನ್ನೊಂದಿಗೇ ಆಡಿದ ಮೊದಲ ಮಾತು ಅದು. “ಹೂನ್ರಿ ಮಾವಾರ” ಎಂದೆ. ಹಾಗೆ ಕರೆದದ್ದೂ ಮೊದಲ ಸಲವೇ.

ಆಮೇಲೆ ಹಾಲಿನ ಒದ್ದೆ ಕಾಣದಂತೆ ಸೆರಗು ಹೊದ್ದುಕೊಂಡೇ ವೇದಿಕೆಯಲ್ಲಿ ಮಾತಾಡಿದೆ. ಸವಳು ಹೊಲದಲ್ಲಿ ಹಸಿರೆಲೆ ಗೊಬ್ಬರದ ಗಿಡ ಬೆಳೆಸಿ, ಅಲ್ಲೇ ಮಣ್ಣಿಗೆ ಸೇರಿಸಿದರೆ ಏನಾಗುತ್ತದೆಂಬುದು ನನ್ನ ವಿಷಯ. ಹಿಂದುಗಡೆ ಮಾವನವರು ನಿದ್ದೆಹೋದ ಕೂಸಿನ ಬೆನ್ನು ತಟ್ಟುತ್ತ ಸಣ್ಣ ಹೆಜ್ಜೆಯಲ್ಲಿ ಓಡಾಡುತ್ತಿದ್ದರು. ಅವರನ್ನು ನೋಡುತ್ತ ನನ್ನ ಇಂಗ್ಲಿಷೂ ನಿಧಾನವಾಯಿತು, ನೆಟ್ಟಗಾಯಿತು. ಕೊನೆಗೆ ಆ ಹಿರಿಯ ಹೆಣ್ಣುಮಗಳು, ಇದು ಸಣ್ಣ ರೈತನ ಹೊಲದಲ್ಲೂ ಫಲ ಕೊಡುವುದೇ ಎಂದು ಕೇಳಿದರು. ಕಾಲೇಜಿನ ಪ್ರಯೋಗದ ತಾಕಿನಲ್ಲಷ್ಟೇ ನೋಡಿದ್ದೇನೆ, ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ಮೊದಲ ಬಹುಮಾನ ರಾಯಚೂರಿನ ಹುಡುಗನಿಗೆ ಬಂತು. ನನಗೆ ಯಾವುದೂ ಬರಲಿಲ್ಲ. ಆ ಹುಡುಗ ಸಂಕೋಚದಿಂದ ನಮ್ಮ ಹತ್ತಿರ ಬಂದ. ಮಾವನವರು ಅವನ ಭುಜ ತಟ್ಟಿ, “ಛಲೋ ಹೇಳಿದಿ ತಮ್ಮಾ” ಎಂದರು, ಒಂದಕ್ಷರವೂ ತಿಳಿಯದಿದ್ದರೂ. ತಮಗೆ ಬಂದಿದ್ದ ಗುಲಾಬಿಯನ್ನು ಅವನಿಗೇ ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ನಡುವೆ ಕೂಸು.

“ಬೇಜಾರಾತೇನವ್ವಾ?” ಎಂದು ಕೇಳಿದರು.

“ಸ್ವಲ್ಪ ಆತ್ರಿ.”

“ಆಗ್ಲಿ. ಆಗೂದ ಮತ್ತ.” ಕೂಸನ್ನು ತಮ್ಮ ತೊಡೆಗೆ ಎಳೆದುಕೊಂಡು, “ಅಲ್ಲೇನು ಹೇಳಿದ್ಯೋ, ಈಗ ನಮ್ಮ ಮಾತಿನ್ಯಾಗ ಹೇಳು” ಎಂದರು.

ಹೇಳಿದೆ. ಕೊಪ್ಪಳ ದಾಟಿದರೂ ಮುಗಿದಿರಲಿಲ್ಲ. ಅವರು ಅಂಗಡಿಗೆ ರೈತರು ಮಾರಲು ತಂದ ಕಾಳು ನೋಡುವಂತೆ ಒಂದೊಂದನ್ನೂ ತಿರುಗಿಸಿ ಕೇಳಿದರು.

ಹದಿನೈದು ದಿನದ ಮೇಲೆ ಗಂಗಾವತಿ ಕಡೆಯ ನವಲಿ ಎಂಬ ಊರಿನಿಂದ ಫೋನು ಬಂತು. ಮಾವನವರ ಅಂಗಡಿಗೆ ಕಾಳು ಹಾಕುತ್ತಿದ್ದ ಹಳೆಯ ರೈತರಂತೆ. “ನಿಮ್ಮ ಮಾವಾರು ಹೇಳ್ಯಾರ್ರಿ, ಸವಳು ಭೂಮಿಗೆ ನೀವು ಔಷಧ ಕೊಡ್ತೀರಂತ.”

ಔಷಧವಲ್ಲ, ಅದೊಂದು ಗಿಡ, ಆಗುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ ಎಂದು ಅವರಿಗೆ ತಿಳಿಸಿ ಹೇಳುವುದರೊಳಗೆ ಸಾಕುಸಾಕಾಯಿತು. “ಇರ್ಲಿ ಬಿಡ್ರಿ, ಒಂದು ಮಡಿಯಾಗ ಹಾಕಿ ನೋಡೂಣು” ಎಂದರು ಅವರು.

ಮುಂದಿನ ವಾರ ಬೀಜದ ಚೀಲ ಹಿಡಿದು ನವಲಿಗೆ ಹೊರಟಾಗ ಮಾವನವರು ಆಗಲೇ ಚಪ್ಪಲಿ ಮೆಟ್ಟಿ, ಮಗಳ ತಲೆಗೆ ಕುಲಾಯಿ ಕಟ್ಟುತ್ತಿದ್ದರು.